ಪಿಕಪ್ಪಿನ ಹಿಂದಿನ ಕೊಕ್ಕೆ

ಹೊರುವುದು ಒಂದು ವಿದ್ಯೆ, ಎಳೆಯುವುದು ಇನ್ನೊಂದು. ನಮ್ಮ ಕಡೆಯವರು ಮೊದಲನೆಯದರಲ್ಲಿ ಪಳಗಿದವರು. ಸುಳ್ಯದಿಂದ ಸೋಣಂಗೇರಿ ದಾಟಿ ಬೆಳ್ಳಾರೆ ಕಡೆಗೆ ಹೋಗುವಾಗ ಸಿಗುವ ಐವರ್ನಾಡು ನನ್ನ ಊರು. ಐವರು ಅಂದರೆ ಪಾಂಡವರು, ಅವರ ನೆನಪಿಗೇ ಪಂಚಲಿಂಗೇಶ್ವರ ದೇವಸ್ಥಾನ ಅಂತ ಊರಲ್ಲಿ ಹೇಳುತ್ತಾರೆ. ಪಾಂಡವರು ಬಂದಿದ್ದರೋ ಇಲ್ಲವೋ, ಬಂದಿದ್ದರೆ ರಥ ಬಿಟ್ಟು ನಡೆದೇ ಬಂದಿರಬೇಕು. ಒಂದು ಗುಡ್ಡ, ಒಂದು ತೋಡು, ಮತ್ತೊಂದು ಗುಡ್ಡ, ಮಧ್ಯೆ ಅಡಿಕೆ ಮರ ಅಡ್ಡ ಹಾಕಿದ ಸಂಕ. ಇಂಥ ದಾರಿಯಲ್ಲಿ ಸಾಮಾನು ಹೋಗುತ್ತಿದ್ದದ್ದು ತಲೆಹೊರೆಯಲ್ಲಿ. ಘಟ್ಟ ಹತ್ತುವ ದೂರದ ವ್ಯಾಪಾರಕ್ಕೆ ಹೇರೆತ್ತುಗಳಿದ್ದವು. ಕರಾವಳಿಯ ಉಪ್ಪು ಅವುಗಳ ಬೆನ್ನ ಮೇಲೆ ಘಟ್ಟ ಹತ್ತುತ್ತಿತ್ತು.

ಈ ಹೊರೆಗೆ ರಾಜಕೀಯವೂ ಉಂಟು. 1834ರಲ್ಲಿ ಬ್ರಿಟಿಷರು ಕೊಡಗನ್ನು ನುಂಗಿದಾಗ ಅಮರ ಸುಳ್ಯ ಮಾಗಣೆಯನ್ನು ಕೊಡಗಿನಿಂದ ಬಿಡಿಸಿ ಕೆನರಾ ಜಿಲ್ಲೆಗೆ ಸೇರಿಸಿದರು. ಕೊಡಗಿನ ಅರಸರ ಕಾಲದಲ್ಲಿ ತೆರಿಗೆಯನ್ನು ಬೆಳೆದ ವಸ್ತುವಿನಲ್ಲೇ ಕೊಡಬಹುದಿತ್ತು. ಕಂಪನಿ ಸರಕಾರ ನಗದು ಕೇಳಿತು. ಇತಿಹಾಸದ ಪಾಠದಲ್ಲಿ ಇದು ಒಂದು ಸಾಲು, ರೈತನ ಮನೆಯಲ್ಲಿ ಇದು ಬೇರೆಯೇ ಕಥೆ. ನಗದು ಬೇಕಾದರೆ ಭತ್ತ ಮಾರಬೇಕು, ಮಾರಬೇಕಾದರೆ ಪೇಟೆಗೆ ಹೊರಬೇಕು. ಗಾಡಿ ಹೋಗುವ ರಸ್ತೆ ಇಲ್ಲದ ಊರಿಗೆ ನಗದು ತೆರಿಗೆ ಹಾಕಿದರೆ ಅದು ಕುತ್ತಿಗೆಯ ಮೇಲೆ ಹಾಕಿದ ತೆರಿಗೆ. 1837ರಲ್ಲಿ ಕೆದಂಬಾಡಿ ರಾಮಯ್ಯ ಗೌಡರು ಮುಂತಾದವರ ಮುಂದಾಳತ್ವದಲ್ಲಿ ಎದ್ದ ಜನ ಮೊದಲು ಬೆಳ್ಳಾರೆಯ ಖಜಾನೆ ಹಿಡಿದರು, ನಡೆದುಕೊಂಡೇ ಮಂಗಳೂರು ತಲುಪಿ ಬಾವುಟಗುಡ್ಡೆಯಲ್ಲಿ ಬಾವುಟ ಹಾರಿಸಿದರು. ಆ ದಂಗೆಗೆ ಕಾರಣ ಹಲವು. ಆದರೆ ಸಾಗಾಟದ ಲೆಕ್ಕ ಅದರೊಳಗೆ ಇಲ್ಲ ಅಂತ ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ.

ಎಳೆಯುವ ವಿದ್ಯೆ ನಮ್ಮಲ್ಲಿ ಗದ್ದೆಯೊಳಗೆ ಮಾತ್ರ ಇತ್ತು. ನೊಗ, ಈಸು, ನೇಗಿಲು. ಈಸನ್ನು ನೊಗಕ್ಕೆ ಕಟ್ಟುತ್ತಿದ್ದದ್ದು ಹಗ್ಗದಿಂದ. ಈ ಹಗ್ಗದ ಕಟ್ಟನ್ನು ನಾವು ಇಂಜಿನಿಯರಿಂಗ್ ಓದಿದವರು ಸ್ವಲ್ಪ ಹಗುರವಾಗಿ ನೋಡುತ್ತೇವೆ. ನಿಜವಾಗಿ ಅದು ಎಷ್ಟು ಚೆನ್ನಾಗಿದೆ ನೋಡಿ: ನೇಗಿಲು ಬೇರಿಗೆ ಸಿಕ್ಕಿಕೊಂಡರೆ ಹಗ್ಗ ಒಂಚೂರು ಹಿಗ್ಗುತ್ತದೆ, ಎತ್ತು ನಿಲ್ಲುತ್ತದೆ. ಎಳೆಯುವವನಿಗೂ ಎಳೆಸಿಕೊಳ್ಳುವುದಕ್ಕೂ ಮಧ್ಯೆ ಒಂದು ಮೆತ್ತಗಿನ ಜಾಗ. ಎತ್ತಿನ ಬದಲು ಇಂಜಿನ್ ಬಂದಾಗ ಕಳೆದುಹೋದದ್ದು ಈ ಮೆತ್ತಗಿನ ಜಾಗ. ಇಂಜಿನ್ನಿಗೆ ಬೇರು ಸಿಕ್ಕಿದ್ದು ಗೊತ್ತಾಗುವುದಿಲ್ಲ.

ಜೋಡಣೆಯ ಜಾಗದಲ್ಲಿ ಮನುಷ್ಯರು ಸಾಯುತ್ತಾರೆ ಅನ್ನುವುದನ್ನು ಜಗತ್ತಿಗೆ ಮೊದಲು ದೊಡ್ಡ ಮಟ್ಟದಲ್ಲಿ ಕಲಿಸಿದ್ದು ರೈಲು. ಅಮೆರಿಕದಲ್ಲಿ ಶುರುವಿಗೆ ಬೋಗಿಗಳನ್ನು ಜೋಡಿಸುತ್ತಿದ್ದದ್ದು ಒಂದು ಕೊಂಡಿ, ಒಂದು ಪಿನ್ನಿನಿಂದ. ಬ್ರೇಕ್‌ಮನ್ ಎರಡು ಬೋಗಿಗಳ ನಡುವೆ ನಿಲ್ಲಬೇಕು, ಕೊಂಡಿ ಹಿಡಿದುಕೊಂಡಿರಬೇಕು, ಬೋಗಿ ಬಂದು ತಾಗುವ ಕ್ಷಣದಲ್ಲಿ ಪಿನ್ ಇಳಿಸಬೇಕು. ಬೆರಳು ಹೋದವರು ಲೆಕ್ಕವಿಲ್ಲದಷ್ಟು, ಜೀವ ಹೋದವರೂ ಬಹಳ. ಈಲೈ ಜಾನಿ ಎಂಬಾತ 1873ರಲ್ಲಿ ಪೇಟೆಂಟ್ ಪಡೆದ ಕಪ್ಲರ್ ನಮ್ಮ ಎರಡು ಕೈಗಳ ಬೆರಳು ಬಾಗಿಸಿ ಒಂದಕ್ಕೊಂದು ಸಿಕ್ಕಿಸಿದ ಹಾಗಿತ್ತು. ಬೋಗಿಗಳು ತಾಗಿದರೆ ತಾವಾಗಿಯೇ ಕೂಡಿಕೊಳ್ಳುತ್ತಿದ್ದವು, ನಡುವೆ ಮನುಷ್ಯ ನಿಲ್ಲಬೇಕಾಗಿಲ್ಲ. ಪರಿಹಾರ ಕೈಯಲ್ಲಿದ್ದರೂ ಕಂಪನಿಗಳು ಖರ್ಚು ಅಂತ ತಳ್ಳಿಕೊಂಡೇ ಬಂದವು. ಕಡ್ಡಾಯ ಮಾಡುವ ಕಾನೂನು ಬಂದದ್ದು 1893ರಲ್ಲಿ. ಇಪ್ಪತ್ತು ವರ್ಷ! ಬಗ್ ಗೊತ್ತಿದೆ, ಪ್ಯಾಚ್ ರೆಡಿ ಇದೆ, ಡಿಪ್ಲಾಯ್ ಮಾಡಲು ಇಪ್ಪತ್ತು ವರ್ಷ. ನಮ್ಮ ಆಫೀಸಿನ ಬ್ಯಾಕ್‌ಲಾಗ್ ಇದರ ಮುಂದೆ ಏನೂ ಅಲ್ಲ.

ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ, ನಮ್ಮ ಗುಡ್ಡಗಳ ನಡುವೆ ಪುತ್ತೂರು, ಎಡಮಂಗಲ, ಸುಬ್ರಹ್ಮಣ್ಯ ರೋಡ್ ದಾಟಿ ಹಾಸನಕ್ಕೆ ಹೋಗುವ ಮೀಟರ್ ಗೇಜ್ ಸಿದ್ಧವಾದದ್ದು 1979ರಲ್ಲಿ. ಘಟ್ಟದಲ್ಲಿ ಐವತ್ತಡಿಗೆ ಒಂದಡಿ ಏರು. ರೈಲಿಗೆ ಅದೇ ಭಯಂಕರ. ನಮ್ಮ ಮನೆಯಿಂದ ರಸ್ತೆಗೆ ಹತ್ತುವ ದಾರಿ ಎಂಟಡಿಗೆ ಒಂದಡಿ ಉಂಟು, ಅದರಲ್ಲಿ ಪಿಕಪ್ ಓಡುತ್ತದೆ. ಈ ಎಂಟಕ್ಕೆ ಒಂದು ಅನ್ನುವ ಲೆಕ್ಕ ನೆನಪಿಡಿ, ಮುಂದೆ ಬೇಕಾಗುತ್ತದೆ.

ರೈಲಿನ ನಂತರದ ಪಾಠ ಟ್ರ್ಯಾಕ್ಟರಿನದು. ಹ್ಯಾರಿ ಫರ್ಗ್ಯುಸನ್ ಐರ್ಲೆಂಡಿನ ಒಬ್ಬ ಮೆಕ್ಯಾನಿಕ್, ರೈತನ ಮಗ. ಮೊದಲ ಮಹಾಯುದ್ಧದ ಕಾಲದಲ್ಲಿ ಆಹಾರ ಬೆಳೆಸುವ ಒತ್ತಡ ಇದ್ದಾಗ, ಸರಕಾರ ಅವನನ್ನು ಐರ್ಲೆಂಡಿನ ಟ್ರ್ಯಾಕ್ಟರುಗಳು ಹೇಗೆ ಕೆಲಸ ಮಾಡುತ್ತವೆ ಅಂತ ನೋಡಲು ಕಳಿಸಿತು. ಅವನು ಕಂಡದ್ದು: ನೇಗಿಲನ್ನು ಎತ್ತಿಗೆ ಕಟ್ಟಿದ ಹಾಗೆಯೇ ಟ್ರ್ಯಾಕ್ಟರಿಗೂ ಸರಪಳಿ ಹಾಕಿ ಕಟ್ಟಿದ್ದಾರೆ. ನೇಗಿಲು ಬಂಡೆಗೆ ತಾಗಿ ನಿಂತರೆ ಹಿಂದಿನ ಚಕ್ರ ನಿಲ್ಲುವುದಿಲ್ಲ. ಚಕ್ರ ತಿರುಗಲಾಗದಿದ್ದರೆ ಚಕ್ರದ ಸುತ್ತ ಟ್ರ್ಯಾಕ್ಟರೇ ತಿರುಗುತ್ತದೆ. ಮೂತಿ ಮೇಲೆದ್ದು ಹಿಂದಕ್ಕೆ ಮಗುಚುತ್ತದೆ, ಓಡಿಸುವವನು ಅಡಿಯಲ್ಲಿ. ಸರಪಳಿ ಕಟ್ಟಿದ ಜಾಗ ಹಿಂದಿನ ಅಚ್ಚಿಗಿಂತ ಮೇಲಿದ್ದಷ್ಟೂ ಇದು ಬೇಗ.

ಫರ್ಗ್ಯುಸನ್ ನೇಗಿಲನ್ನೂ ಟ್ರ್ಯಾಕ್ಟರನ್ನೂ ಬೇರೆ ಬೇರೆ ಅಂತ ನೋಡುವುದನ್ನೇ ಬಿಟ್ಟ. ಕೆಳಗೆ ಎರಡು ಕೈ, ಮೇಲೊಂದು ಕೈ, ಒಟ್ಟು ಮೂರು ಕಡೆ ಹಿಡಿಯುವ ಹಿಚ್ ಮಾಡಿದ. ಈಗ ನೇಗಿಲು ಬಂಡೆಗೆ ತಾಗಿದರೆ ಮೇಲಿನ ಕೈ ಮುಂದಕ್ಕೆ ದೂಡಿ ಟ್ರ್ಯಾಕ್ಟರಿನ ಮೂತಿಯನ್ನು ಕೆಳಗೆ ಒತ್ತುತ್ತದೆ. ಅಪಾಯ ತರುವ ಬಲವೇ ಕಾಪಾಡುವ ಬಲ ಆಯಿತು. 1938ರಲ್ಲಿ ಹೆನ್ರಿ ಫೋರ್ಡ್ ಇದನ್ನು ನೋಡಿ ಕಾಗದ ಪತ್ರ ಏನೂ ಇಲ್ಲದೆ ಕೈ ಕುಲುಕಿ ವ್ಯವಹಾರ ಮುಗಿಸಿದ. ಮುಂದೆ ಅದೇ ಕೈಕುಲುಕು ಕೋರ್ಟಿಗೆ ಹೋಗಿ, 1952ರಲ್ಲಿ ತೊಂಬತ್ತೆರಡೂವರೆ ಲಕ್ಷ ಡಾಲರಿಗೆ ರಾಜಿಯಾಯಿತು. ಕೊಕ್ಕೆಯ ಇತಿಹಾಸದಲ್ಲಿ ಅಗ್ರಿಮೆಂಟ್ ಇಲ್ಲದ ಜೋಡಣೆಗಳು ಯಾವಾಗಲೂ ಬಿಟ್ಟುಕೊಳ್ಳುತ್ತವೆ.

ನಮ್ಮ ಊರಿಗೆ ಎಳೆಯುವ ಇಂಜಿನ್ ತಂದದ್ದು ಟ್ರ್ಯಾಕ್ಟರಿಗಿಂತ ಹೆಚ್ಚಾಗಿ ಜೀಪು. 1941ರಲ್ಲಿ ಅಮೆರಿಕದ ಸೈನ್ಯಕ್ಕೆ ಬಂದ ವಿಲ್ಲಿಸ್ ಜೀಪಿನ ಹಿಂದೆ ಪಿಂಟಲ್ ಹುಕ್ಕು ಅಂತ ಒಂದು ಬಾಯಿ ಮುಚ್ಚುವ ಕೊಕ್ಕೆ ಇತ್ತು, ಅದಕ್ಕೆ ಸಿಕ್ಕಿಸಲು ಕಾಲು ಟನ್ನಿನ ಪುಟ್ಟ ಟ್ರೇಲರ್. ಗಮನಿಸಬೇಕಾದ್ದು ಏನೆಂದರೆ ಕೊಕ್ಕೆ ಹಾಕುವುದು ಮೊದಲೇ ಯೋಚನೆಯಲ್ಲಿತ್ತು, ಅದರ ಎಳೆತ ತಡೆಯುವ ಹಾಗೆ ಚಾಸಿಯ ಹಿಂಭಾಗಕ್ಕೆ ಆಧಾರ ಕೊಟ್ಟಿದ್ದರು. ಮಹೀಂದ್ರಾದವರು 1947ರಿಂದ ವಿಲ್ಲಿಸ್ ಜೀಪುಗಳನ್ನು ಭಾರತದಲ್ಲಿ ಜೋಡಿಸಲು ಶುರು ಮಾಡಿದರು. ಸುಳ್ಯ, ಪುತ್ತೂರಿನವರಿಗೆ ಜೀಪು ಅಂದರೆ ಬಸ್ಸು, ಆಂಬುಲೆನ್ಸು, ಮದುಮಗಳ ಕಾರು, ಗೊಬ್ಬರದ ಲಾರಿ ಎಲ್ಲವೂ. ಒಳಗೆ ಎಷ್ಟು ಜನ ಅಂತ ಎಣಿಸುವ ಪದ್ಧತಿ ಇರಲಿಲ್ಲ. ಜೀಪಿನ ಹಿಂದೆ ಬಂದದ್ದು ಪಿಕಪ್. ಅದನ್ನು ಮಾಡಿದ್ದು ಹೊರುವುದಕ್ಕೆ. ನಾವು ಅದಕ್ಕೆ ಜೀಪಿನ ಕೆಲಸವನ್ನೂ ಹಚ್ಚಿದೆವು.

ಮಧ್ಯೆ ಟಿಲ್ಲರಿನ ಮಾತು ಹೇಳದೆ ಹೋದರೆ ತಪ್ಪಾಗುತ್ತದೆ. ಬೆಂಗಳೂರಿನಲ್ಲಿ 1967ರಲ್ಲಿ ಜಪಾನಿನ ಮಿತ್ಸುಬಿಷಿ ಜತೆ ಸೇರಿ ಶುರುವಾದ ವಿಎಸ್‌ಟಿ ಕಂಪನಿಯ ಪವರ್ ಟಿಲ್ಲರುಗಳು ನಮ್ಮ ಸಣ್ಣ ಗದ್ದೆಗಳಿಗೆ ಹೇಳಿ ಮಾಡಿಸಿದ ಹಾಗಿದ್ದವು. ಉಳುಮೆ ಇಲ್ಲದಾಗ ಹಿಂದೆ ಟ್ರೇಲರ್ ಸಿಕ್ಕಿಸಿ ಗೊಬ್ಬರ, ಅಡಿಕೆ, ಕಟ್ಟಿಗೆ ಸಾಗಿಸಬಹುದು. ಟಿಲ್ಲರಿಗೆ ಸ್ಟಿಯರಿಂಗ್ ಇಲ್ಲ. ಎಡದ ಕ್ಲಚ್ ಹಿಡಿದರೆ ಎಡ ಚಕ್ರದ ಶಕ್ತಿ ಕಡಿದು, ಬಲಚಕ್ರ ಮುಂದೆ ದೂಡಿ, ಗಾಡಿ ಎಡಕ್ಕೆ ತಿರುಗುತ್ತದೆ. ಇದು ಸಮತಟ್ಟಿನಲ್ಲಿ. ಇಳಿಜಾರಿನಲ್ಲಿ ಹಿಂದಿನಿಂದ ತುಂಬಿದ ಟ್ರೇಲರ್ ದೂಡುತ್ತಿರುವಾಗ ಅದೇ ಎಡ ಕ್ಲಚ್ ಹಿಡಿದರೆ? ಬಲಚಕ್ರವನ್ನು ಇಂಜಿನ್ ತಡೆದು ಹಿಡಿದಿರುತ್ತದೆ, ಎಡಚಕ್ರ ಬಿಡುಗಡೆಯಾಗಿ ಓಡುತ್ತದೆ. ಗಾಡಿ ಬಲಕ್ಕೆ ತಿರುಗುತ್ತದೆ! ಹಿಡಿದದ್ದು ಎಡ, ಹೋದದ್ದು ಬಲ. ಹಳೆಯ ಟಿಲ್ಲರ್ ಚಾಲಕರ ಕೈಗೆ ಇದು ಗೊತ್ತಿರುತ್ತದೆ. ಹೊಸಬರಿಗೆ ಗೊತ್ತಾಗುವಾಗ ತೋಡು ಬಂದಿರುತ್ತದೆ. ಎಳೆಯುವ ಗಾಡಿ ಇಳಿಜಾರಿನಲ್ಲಿ ದೂಡಿಸಿಕೊಳ್ಳುವ ಗಾಡಿ ಆಗುತ್ತದೆ, ಕೊಕ್ಕೆ ಎರಡೂ ಕೆಲಸ ಮಾಡಬೇಕು. ನಮ್ಮ ಕಡೆ ಕೊಕ್ಕೆ ಹಾಕಿಸುವವರು ಎಳೆತದ ಲೆಕ್ಕ ಮಾತ್ರ ಮಾಡುತ್ತಾರೆ.

ಇಷ್ಟೆಲ್ಲ ನಾನು ಓದಲು ಕಾರಣ ಚಿಕ್ಕಪ್ಪನ ಪಿಕಪ್. ಕಳೆದ ವರ್ಷ ಊರಿಗೆ ಹೋದಾಗ ಅದರ ಹಿಂದೆ ಹೊಸ ಕೊಕ್ಕೆ ನೋಡಿದೆ. ಪೇಟೆಯ ಒಂದು ವೆಲ್ಡಿಂಗ್ ಶಾಪಿನಲ್ಲಿ ಒಂದು ಮಧ್ಯಾಹ್ನದಲ್ಲಿ ಹಾಕಿಸಿದ್ದು. ಮನೆ ಕಟ್ಟುವವರ ಕಾಂಕ್ರೀಟ್ ಮಿಕ್ಸರ್, ಆಟಕ್ಕೆ, ನೇಮಕ್ಕೆ ಹೋಗುವ ಜನರೇಟರ್ ಟ್ರಾಲಿ, ಕೆಲವು ಸಲ ಕಂಪ್ರೆಸರ್. ಇವನ್ನೆಲ್ಲ ಎಳೆದು ಕೊಟ್ಟರೆ ಬಾಡಿಗೆ ಸಿಗುತ್ತದೆ. ಪಿಕಪ್ಪಿನ ಕಂತು ಇನ್ನೂ ಮುಗಿದಿರಲಿಲ್ಲ, ಅಡಿಕೆಗೆ ಹಳದಿ ರೋಗ. ಕೊಕ್ಕೆ ಶೋಕಿಯದ್ದಲ್ಲ.

ಫೋನಿನ ಟಾರ್ಚ್ ಹಾಕಿ ಅಡಿಗೆ ನುಗ್ಗಿ ನೋಡಿದೆ. ಚಿಕ್ಕಪ್ಪ ಮೇಲಿನಿಂದ, "ಎಂತ ನೋಡುದು ಮಾರಾಯ? ಕೊಕ್ಕೆ ಗಟ್ಟಿ ಉಂಟು. ಅದನ್ನು ಹಿಡ್ಕೊಂಡು ಪಿಕಪ್ಪನ್ನೇ ಎತ್ಲಿಕ್ಕೆ ಆಗ್ತದೆ" ಅಂದರು.

"ಕೊಕ್ಕೆ ಗಟ್ಟಿಯೇ ಚಿಕ್ಕಪ್ಪ. ಅದು ಹಿಡ್ಕೊಂಡದ್ದು ಯಾವುದನ್ನು ಅಂತ ನೀವು ನೋಡಿದ್ದೀರಾ?"

ಪಿಕಪ್ಪಿನ ಚಾಸಿ ಒಂದು ಏಣಿ. ಉದ್ದಕ್ಕೆ ಎರಡು ಉಕ್ಕಿನ ತೊಲೆ, ನಡುನಡುವೆ ಅಡ್ಡಪಟ್ಟಿ. ಭಾರ ಹೊರುವುದು ಉದ್ದದ ತೊಲೆಗಳು. ಅಡ್ಡಪಟ್ಟಿಯ ಮುಖ್ಯ ಕೆಲಸ ಆ ಎರಡನ್ನು ದೂರ ಸರಿಯದ ಹಾಗೆ, ತಿರುಚದ ಹಾಗೆ ಹಿಡಿಯುವುದು. ಚಿಕ್ಕಪ್ಪನ ಕೊಕ್ಕೆಯನ್ನು ಬೆಸೆದಿದ್ದದ್ದು ಕೊನೆಯ ಅಡ್ಡಪಟ್ಟಿಯ ನಡುಮಧ್ಯಕ್ಕೆ. ಅಂದರೆ ಏಣಿಯ ಕೊನೆಯ ಮೆಟ್ಟಿಲಿಗೆ ಹಗ್ಗ ಕಟ್ಟಿ ಒಂದು ಟನ್ ಎಳೆದ ಹಾಗೆ. ಬೆಸುಗೆಯ ಅಂಚಿನಲ್ಲಿ ಕೂದಲಿನಷ್ಟು ತೆಳುವಾದ ಒಂದು ಕೆಂಪು ಗೆರೆ ಇತ್ತು. ಬಣ್ಣದ ಅಡಿಯಿಂದ ತುಕ್ಕು ಹೊರಗೆ ಬರುವುದು ಬಿರುಕು ಇದ್ದಲ್ಲಿ.

ಲೆಕ್ಕ ಹಾಕಿ ತೋರಿಸಿದೆ. ಮಿಕ್ಸರ್ ಒಂದು ಟನ್ ಅಂತ ಇಟ್ಟುಕೊಳ್ಳಿ. ಎಂಟಕ್ಕೆ ಒಂದರ ಏರಿನಲ್ಲಿ ಕೊಕ್ಕೆಗೆ ಬೀಳುವುದು ಸುಮಾರು 125 ಕಿಲೋ ಎಳೆತ. ಇಷ್ಟೇನಾ ಅನ್ನಿಸುತ್ತದೆ. ಸ್ವಲ್ಪ ಜೋರಾಗಿ ಬ್ರೇಕ್ ಹಾಕಿದರೆ, ಟ್ರಾಲಿಗೆ ತನ್ನದೇ ಬ್ರೇಕ್ ಇಲ್ಲದ ಕಾರಣ, 500 ಕಿಲೋ ಹಿಂದಿನಿಂದ ದೂಡುತ್ತದೆ. ಇನ್ನು ಪಿನ್ನಿಗೂ ತೂತಿಗೂ ನಡುವೆ ಒಂದು ಬೆರಳು ಸಡಿಲ ಇದ್ದರೆ, ಪ್ರತಿ ಗುಂಡಿಯಲ್ಲೂ ಅದು ಎಳೆತ ಅಲ್ಲ, ಸುತ್ತಿಗೆ ಏಟು. ಏಟಿನ ಬಲ ತಣ್ಣಗಿನ ಲೆಕ್ಕದ ಎರಡು ಮೂರು ಪಟ್ಟು ಸುಲಭವಾಗಿ ಹೋಗುತ್ತದೆ. ಉಕ್ಕು ಒಂದು ದೊಡ್ಡ ಏಟಿಗೆ ಮುರಿಯುವುದು ಅಪರೂಪ, ಹತ್ತು ಸಾವಿರ ಸಣ್ಣ ಏಟಿಗೆ ಬಿರುಕು ಬಿಡುವುದೇ ಹೆಚ್ಚು. ಬಿರುಕು ಶುರುವಾಗುವುದು ಬೆಸುಗೆಯ ಪಕ್ಕದಲ್ಲಿ, ಯಾಕೆಂದರೆ ಬೆಸುಗೆಯ ಬಿಸಿಗೆ ಅಲ್ಲಿನ ಉಕ್ಕಿನ ಗುಣ ಬದಲಾಗಿರುತ್ತದೆ. "ಬೆಸುಗೆ ಬಿಡ್ಲೇ ಇಲ್ಲ, ಪಕ್ಕದ ತಗಡು ಹರಿದದ್ದು" ಅಂತ ವೆಲ್ಡರ್ ಹೇಳುತ್ತಾರಲ್ಲ, ಅವರು ಹೇಳುವುದು ನಿಜ, ಆದರೆ ಅದು ಸಮರ್ಥನೆ ಅಲ್ಲ. ಜತೆಗೆ ನಮ್ಮ ಮಳೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಆ ಬಿರುಕಿಗೆ ದಿನಾ ನೀರು.

ಸರಿಯಾಗಿ ಹಾಕುವುದಾದರೆ ಹೇಗೆ? ಕೊಕ್ಕೆಯ ಚೌಕಟ್ಟು ಎರಡೂ ಉದ್ದದ ತೊಲೆಗಳನ್ನು ಹಿಡಿಯಬೇಕು, ಪ್ರತಿ ಬದಿಯಲ್ಲಿ ಸಾಕಷ್ಟು ಉದ್ದಕ್ಕೆ, ಬೋಲ್ಟಿನಿಂದ. ಕಂಪನಿಯವರೇ ಬಿಟ್ಟ ತೂತುಗಳಿದ್ದರೆ ಅವನ್ನೇ ಬಳಸಬೇಕು. ಕೊರೆಯಲೇಬೇಕಾದರೆ ತೊಲೆಯ ನಿಂತ ಬದಿಯಲ್ಲಿ, ಅದೂ ತಯಾರಕರು ಒಪ್ಪಿದ ಜಾಗದಲ್ಲಿ. ಮೇಲಿನ ಮತ್ತು ಕೆಳಗಿನ ಮಡಿಕೆಗೆ ಡ್ರಿಲ್ ತಾಗಿಸಲೇಬಾರದು, ತೊಲೆ ಬಾಗುವಾಗ ಅತಿ ಹೆಚ್ಚು ಜಗ್ಗುವುದು ಅಲ್ಲೇ. ಒಳಗೆ ಬ್ರೇಕ್ ಪೈಪು, ವಯರು ಎಲ್ಲಿ ಹೋಗುತ್ತದೆ ಅಂತ ಮೊದಲು ನೋಡಬೇಕು. ಬೋಲ್ಟಿನ ತಲೆಯ ಮೇಲೆ 8.8 ಅಂತ ಬರೆದಿರಬೇಕು, ಹಿಂದೆ ದಪ್ಪ ಪ್ಲೇಟು ಇರಬೇಕು. ಬಿಗಿ ಮಾಡುವುದು ಕೈಯ ಅಂದಾಜಿನಲ್ಲಿ ಅಲ್ಲ, ಟಾರ್ಕ್ ರೆಂಚಿನಲ್ಲಿ. 12 ಮಿಲಿಮೀಟರಿನ ಅಂಥ ಬೋಲ್ಟಿಗೆ ಸಾಮಾನ್ಯವಾಗಿ 80ರಿಂದ 90 ನ್ಯೂಟನ್ ಮೀಟರ್. ಕಿಟ್ಟಿನ ಜತೆ ಬಂದ ಹಾಳೆ ಬೇರೆ ಅಂಕೆ ಹೇಳಿದರೆ ಆ ಹಾಳೆಯದ್ದೇ ಸರಿ. ಮೊದಲ ಕೆಲವು ಟ್ರಿಪ್ಪಿನ ನಂತರ ಇನ್ನೊಮ್ಮೆ ನೋಡಬೇಕು. ಕೊಕ್ಕೆ ಬಿಟ್ಟುಕೊಂಡರೂ ಟ್ರಾಲಿ ಓಡಿಹೋಗದ ಹಾಗೆ ಎರಡು ಸರಪಳಿಗಳನ್ನು ಕತ್ತರಿಯಾಕಾರದಲ್ಲಿ ದಂಡದ ಅಡಿಯಿಂದ ಹಾಕಬೇಕು. ಮೂತಿ ಬಿದ್ದರೆ ಸರಪಳಿಯ ತೊಟ್ಟಿಲಿಗೆ ಬೀಳುತ್ತದೆ, ರಸ್ತೆಗೆ ಚುಚ್ಚುವುದಿಲ್ಲ.

ಆನ್‌ಲೈನಿನಲ್ಲಿ ತರಿಸುವವರಿಗೆ ಒಂದು ಮಾತು. ಫೋನಿಗೆ ಟೈಪ್-ಸಿ ಬಂದ ಹಾಗೆ ಯುರೋಪಿನ ಹಿಚ್ ಬಾಲಿಗೆ 50 ಮಿಲಿಮೀಟರ್ ಅಂತ ಒಂದು ಅಳತೆ ಉಂಟು. ಅಮೆರಿಕದ್ದು ಎರಡು ಇಂಚು, ಅಂದರೆ 50.8. ನೋಡಲು ಎರಡೂ ಒಂದೇ. ಎರಡಿಂಚಿನ ಬಾಯಿಗೆ 50ರ ಗುಂಡು ಹಾಕಿದರೆ ಕೂತ ಹಾಗೆ ಕಾಣುತ್ತದೆ, ಆ ಮುಕ್ಕಾಲು ಮಿಲಿಮೀಟರಿನ ಸಡಿಲ ಒಂದು ದಿನ ಗುಂಡಿಯಲ್ಲಿ ಹಾರಿ ತೋರಿಸುತ್ತದೆ. ಭಾರವನ್ನೂ ಅಚ್ಚಿನ ಸ್ವಲ್ಪ ಮುಂದೆಯೇ ಇಡಬೇಕು, ಒಟ್ಟು ತೂಕದ ಹತ್ತನೇ ಒಂದು ಭಾಗವಾದರೂ ಕೊಕ್ಕೆಯ ಮೇಲೆ ಕೂರುವ ಹಾಗೆ. ಹಿಂದೆ ಭಾರವಾದರೆ ಟ್ರಾಲಿ ಬಾಲ ಆಡಿಸಲು ಶುರು ಮಾಡುತ್ತದೆ, ಆಮೇಲೆ ಬಾಲವೇ ನಾಯಿಯನ್ನು ಆಡಿಸುತ್ತದೆ.

ಇದನ್ನೆಲ್ಲ ಹೇಳುವಾಗ ಊರಿನವರಿಗೆ ಲೆಕ್ಕ ಗೊತ್ತಿಲ್ಲ, ಬೆಂಗಳೂರಿನಿಂದ ಬಂದವನಿಗೆ ಗೊತ್ತು ಅನ್ನುವ ಧಾಟಿ ಬಂದರೆ ಅದು ಸುಳ್ಳು. ಸುಳ್ಯದ ವರ್ಕ್‌ಶಾಪಿನಿಂದಲೇ ಗಿರೀಶ್ ಭಾರದ್ವಾಜರು 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ತೂಗುಸೇತುವೆ ಹಾಕಿದರು. ಆಮೇಲೆ ನೂರಕ್ಕೂ ಹೆಚ್ಚು ಸೇತುವೆ, 2017ರಲ್ಲಿ ಪದ್ಮಶ್ರೀ. ಅದೇ ಕಬ್ಬಿಣ, ಅದೇ ಬೋಲ್ಟು, ಅದೇ ಬೆಸುಗೆ. ತೂಗುಸೇತುವೆ ಅಂದರೂ ಕೊನೆಗೆ ಒಂದು ಹಗ್ಗವನ್ನು ದಡಕ್ಕೆ ಹೇಗೆ ಕಟ್ಟುತ್ತೀರಿ ಅನ್ನುವ ಪ್ರಶ್ನೆ ತಾನೇ? ಕಟ್ಟುವ ಜಾಗಕ್ಕೆ ಲೆಕ್ಕ ಹಾಕುವ ವಿದ್ಯೆ ನಮ್ಮ ಪೇಟೆಯಲ್ಲೇ ಉಂಟು. ಕೊಕ್ಕೆ ಹಾಕುವವರು ಅದನ್ನು ಕೇಳುವುದಿಲ್ಲ ಅಷ್ಟೇ. ಯಾಕೆಂದರೆ ಕೊಕ್ಕೆಗೆ ಯಜಮಾನ ಇಲ್ಲ. ಪಿಕಪ್ ಒಂದು ಕಂಪನಿಯದ್ದು, ಮಿಕ್ಸರ್ ಇನ್ನೊಬ್ಬರದ್ದು, ನಡುವಿನ ಗೇಣುದ್ದ ಕಬ್ಬಿಣ ಯಾರದ್ದೂ ಅಲ್ಲ. ಸಾಫ್ಟ್‌ವೇರಿನಲ್ಲೂ ಎರಡು ಟೀಮುಗಳ ನಡುವಿನ ಇಂಟರ್‌ಫೇಸಿನಲ್ಲೇ ಪ್ರೊಡಕ್ಷನ್ ಬೀಳುವುದು, ಆದರೆ ಅಲ್ಲಿ ಬೀಳುವುದು ಸರ್ವರ್, ಬೈಕಿನಲ್ಲಿ ಹಿಂದೆ ಬರುತ್ತಿರುವ ಹುಡುಗ ಅಲ್ಲ.

ಕಾನೂನಿನ ವಿಷಯ ಚಿಕ್ಕಪ್ಪನಿಗೆ ಹೆಚ್ಚು ತಾಗಿತು. ಮೋಟಾರು ವಾಹನ ಕಾಯ್ದೆ, 1988ರ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ರೂಪವನ್ನು ನಮಗೆ ಬೇಕಾದ ಹಾಗೆ ಬದಲಿಸುವಂತಿಲ್ಲ. 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಇದೇ ಸೆಕ್ಷನ್ ಹೇಳಿ ಮುಂದಿನ ಬುಲ್ ಬಾರುಗಳನ್ನು ತೆಗೆಸಿ ಅಂತ ರಾಜ್ಯಗಳಿಗೆ ಬರೆಯಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಮೂಲ ವಿನ್ಯಾಸಕ್ಕೆ ವಿರುದ್ಧವಾದ ಬದಲಾವಣೆಗೆ ಅವಕಾಶ ಇಲ್ಲ ಅಂದಿತು. ಹಾಗಾಗಿ ಮೊದಲ ಪ್ರಶ್ನೆ ಯಾವ ಬೋಲ್ಟು ಅನ್ನುವುದಲ್ಲ. ಈ ಗಾಡಿ ಎಳೆಯಬಹುದು ಅಂತ, ಎಷ್ಟು ಎಳೆಯಬಹುದು ಅಂತ ಅದರ ಪುಸ್ತಕದಲ್ಲಿ ಬರೆದಿದೆಯಾ? ಬರೆದಿಲ್ಲದಿದ್ದರೆ ಎಷ್ಟು ಒಳ್ಳೆಯ ಹಿಚ್ ಹಾಕಿದರೂ ಲೆಕ್ಕಕ್ಕೆ ಬುಡ ಇಲ್ಲ. ಕಾನೂನಿನ ಕಣ್ಣಿನಲ್ಲಿ ಎಳೆಸಿಕೊಳ್ಳುವ ಟ್ರೇಲರ್ ಕೂಡ ಒಂದು ವಾಹನವೇ. ಏನಾದರೂ ಆದರೆ ಇನ್ಶೂರೆನ್ಸಿನವರು ಮೊದಲು ನೋಡುವುದು ಆ ಬೆಸುಗೆಯನ್ನು. ಇಷ್ಟು ಹೇಳಿದ ಮೇಲೆ ಚಿಕ್ಕಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಹಾಗಾದ್ರೆ ಪುಸ್ತಕ ತಾ" ಅಂದರು.

ಪುಸ್ತಕದಲ್ಲಿ ಎಳೆಯುವ ಭಾರದ ಅಂಕೆ ಸಿಗಲಿಲ್ಲ.

ಮರುದಿನ ಕೊಕ್ಕೆಯನ್ನು ಗ್ರೈಂಡರಿನಲ್ಲಿ ಕತ್ತರಿಸಿದರು. ಅಡ್ಡಪಟ್ಟಿಯ ಬಿರುಕು ಎಲ್ಲಿವರೆಗೆ ಹೋಗಿದೆ ಅಂತ ಬಣ್ಣ ಕೆರೆಸಿ ನೋಡಿದರೆ ನಾಲ್ಕು ಬೆರಳು ಉದ್ದ ಇತ್ತು. ಪಟ್ಟಿಯನ್ನೇ ಬದಲಿಸಬೇಕಾಯಿತು. ಈಗ ಜನರೇಟರನ್ನು ಎರಡು ಹಲಗೆ ಇಟ್ಟು ಪಿಕಪ್ಪಿನ ಮೇಲಕ್ಕೇ ಹತ್ತಿಸುತ್ತಾರೆ, ಹೊರುವುದಕ್ಕೆ ಮಾಡಿದ ಗಾಡಿ ಹೊರುತ್ತದೆ. ಮಿಕ್ಸರ್ ಬರುವುದು ಬೆಳ್ಳಾರೆ ಕಡೆಯ ಒಬ್ಬರ ಟ್ರ್ಯಾಕ್ಟರಿನ ಹಿಂದೆ, ಅಚ್ಚಿಗಿಂತ ಕೆಳಗಿರುವ ಡ್ರಾಬಾರಿಗೆ ಪಿನ್ ಹಾಕಿ, ಪಿನ್ನಿಗೆ ಕ್ಲಿಪ್ಪು ಹಾಕಿ, ನಿಧಾನಕ್ಕೆ. ಚಿಕ್ಕಪ್ಪ ಇನ್ನೂ ಪೂರ್ತಿ ಒಪ್ಪಿಲ್ಲ. ಮೊನ್ನೆ ಫೋನಿನಲ್ಲೂ ಕೇಳಿದರು: "ಟ್ರ್ಯಾಕ್ಟರಿಗೆ ಇಲ್ಲಿವರೆಗೆ ಕೊಟ್ಟ ಬಾಡಿಗೆಯಲ್ಲಿ ಎಷ್ಟು ಕೊಕ್ಕೆ ಆಗ್ತಿತ್ತು ಹೇಳು ನೋಡುವ?"